ಎಲ್ಲರೂ ಭೇದಿ ಅಂದುಕೊಂಡಿದ್ದರು: ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಕರಣ

ಮೊದಲು ಗಮನಿಸಿದವರು ಶಾಲೆಯ ಪಿ.ಟಿ. ಮಿಸ್. ಶುಚಿ ಯೋಜನೆಯ ಪ್ಯಾಡ್ ಹಂಚುವ ಕೆಲಸ ಅವರದು. ಒಬ್ಬ ಹುಡುಗಿಗೆ ತಿಂಗಳಿಗೆ ಒಂದು ಪ್ಯಾಕೆಟ್, ಅದರಲ್ಲಿ 10 ಪ್ಯಾಡ್. ಒಂಬತ್ತನೇ ಕ್ಲಾಸಿನ ಒಬ್ಬಳಿಗೆ ಮಾತ್ರ ಅದು ಯಾವತ್ತೂ ಸಾಲುತ್ತಿರಲಿಲ್ಲ. ಪಕ್ಕದವರ ಹತ್ತಿರ ಇಸಿದುಕೊಳ್ಳುತ್ತಿದ್ದಳು. ರಜೆ ಹಾಕಿದವರ ಪಾಲನ್ನೂ ಕೇಳುತ್ತಿದ್ದಳು. ತಿಂಗಳಿಗೆ ಮೂರು ನಾಲ್ಕು ಪ್ಯಾಕೆಟ್ ಖರ್ಚಾಗುತ್ತಿದೆ ಅಂದರೆ ಮುಟ್ಟಿನ ರಕ್ತ ತುಂಬಾ ಹೋಗುತ್ತಿರಬೇಕು ಅಂತ ಮಿಸ್ ಅಂದುಕೊಂಡರು. ಒಂದು ದಿನ ಬೆಳಗಿನ ಪ್ರಾರ್ಥನೆಗೆ ನಿಂತವಳು ಕುಸಿದು ಬಿದ್ದಳು. ಹತ್ತಿರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8.4. ಲೆಕ್ಕ ಸರಿಹೋಯಿತು ಅಲ್ವಾ? ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು.

ಮಾತ್ರೆ ಶುರುವಾದ ಮೇಲೆ ಅವಳ ಪರಿಸ್ಥಿತಿ ಇನ್ನೂ ಕೆಟ್ಟಿತು. ಎರಡು ತಿಂಗಳಾದ ಮೇಲೆ ಗರ್ಭಕೋಶದ ಸ್ಕ್ಯಾನ್ ಮಾಡಿಸಲು ಹೋದರು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿದಾಗ ಎಡಗಡೆ ಒಂದು ಹಳೆಯ ಹೊಲಿಗೆ ಗುರುತು ಕಂಡಿತು. "ಇದೇನಮ್ಮಾ ಆಪರೇಷನ್?" ಅಂತ ಸ್ಕ್ಯಾನಿಂಗ್ ಡಾಕ್ಟರು ಕೇಳಿದರು. ತಾಯಿ ತಡವರಿಸಿದರು. ಪ್ಯಾಡ್ ಖರ್ಚಾಗುತ್ತಿದ್ದದ್ದು ಮುಟ್ಟಿಗಲ್ಲ ಅನ್ನೋದು ಗೊತ್ತಾದದ್ದು ಆಗ.

ನಾನು ಮಕ್ಕಳ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ನರ್ಸ್. ಹುಡುಗಿಯನ್ನು ಇಲ್ಲಿ ಭೂಮಿ ಅಂತ ಕರೆಯುತ್ತೇನೆ. ಊರು, ಮನೆಯವರ ಕಸುಬು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವಳೂ ಒಪ್ಪಿದ್ದಾಳೆ, ಅವಳ ತಾಯಿಯೂ ಒಪ್ಪಿದ್ದಾರೆ. ಕರಡು ಓದಿದ ಭೂಮಿ ಎರಡು ಕಡೆ ಇದ್ದ "ಪಾಪ" ಅನ್ನೋ ಪದವನ್ನು ಹೊಡೆದುಹಾಕಿದಳು. ಬೇರೇನೂ ತಿದ್ದಲಿಲ್ಲ.

ಹುಟ್ಟಿನಿಂದ ಐದರವರೆಗೆ

ಭೂಮಿ ಹುಟ್ಟುವಾಗಲೇ ಗುದದ್ವಾರ ಅದರ ಜಾಗದಲ್ಲಿ ಇರಲಿಲ್ಲ. ಕರುಳಿನ ತುದಿ ಮುಂದಕ್ಕೆ ಬಂದು, ಯೋನಿಯ ಬಾಯಿಗೆ ಅಂಟಿದಂತೆ ಸಣ್ಣ ತೂತಾಗಿ ತೆರೆದುಕೊಂಡಿತ್ತು. ಇಂಥ ಹೆಣ್ಣುಮಕ್ಕಳಲ್ಲಿ ಈ ಬಗೆಯೇ ಜಾಸ್ತಿ. ಮಗು ಹೇಗೋ ಮಲ ಮಾಡುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒರೆಸಿ ಬಟ್ಟೆ ಬದಲಿಸುವ ಅವಸರದಲ್ಲಿ ಎಲ್ಲಿಂದ ಬಂತು ಅಂತ ಯಾರು ನೋಡುತ್ತಾರೆ? ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಕರೆದುಕೊಂಡು ಹೋದಾಗ ಅಲ್ಲಿನ ಸಿಸ್ಟರ್ ಒಬ್ಬರು ಕಂಡುಹಿಡಿದರು.

ಗುದದ್ವಾರ ಸರಿಯಾಗಿ ಆಗದೆ ಹುಟ್ಟುವುದು ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ. ಬಸುರಿನ ಮೊದಲ ಎರಡು ಮೂರು ತಿಂಗಳಲ್ಲಿ, ಎಷ್ಟೋ ಸಲ ಬಸುರಾಗಿದ್ದೇ ಸರಿಯಾಗಿ ಗೊತ್ತಾಗುವ ಮೊದಲೇ, ಆಗಿಹೋಗುವ ಸಂಗತಿ ಇದು. ಆದರೆ ಭೂಮಿಯ ಮನೆಯಲ್ಲಿ ಬೇರೆ ಕಾರಣ ಸಿಕ್ಕಿತ್ತು. ಗ್ರಹಣದ ದಿನ ಸೊಸೆ ಹಿತ್ತಲಿಗೆ ಹೋಗಿದ್ದಳಂತೆ. ಅಜ್ಜಿ ಒಂದೇ ಸಲ ಹಾಗಂದದ್ದು. ತಾಯಿ ಅದನ್ನು 14 ವರ್ಷ ಇಟ್ಟುಕೊಂಡಿದ್ದರು.

ಆಪರೇಷನ್ ಮೂರು ಹಂತದಲ್ಲಾಯಿತು. ಮೊದಲು ಹೊಟ್ಟೆಯ ಎಡಗಡೆ ಕರುಳನ್ನು ಹೊರತಂದು ಮಲಕ್ಕೆ ಬೇರೆ ದಾರಿ ಮಾಡುವುದು, ಅಂದರೆ ಕೊಲೊಸ್ಟಮಿ. ಆಮೇಲೆ ಮುಖ್ಯ ಆಪರೇಷನ್. ಮೆಕ್ಸಿಕೋದಲ್ಲಿದ್ದ ಆಲ್ಬರ್ಟೋ ಪೆನ್ಯ ತಮ್ಮ ಜೊತೆಗಾರ ಪೀಟರ್ ಡಿವ್ರೀಸ್ ಜೊತೆ 1982ರಲ್ಲಿ ಪ್ರಕಟಿಸಿದ ವಿಧಾನ ಅದು. ಹಿಂಭಾಗದಲ್ಲಿ ನಡುಗೆರೆಯ ಮೇಲೇ ಕೊಯ್ದು, ಸ್ನಾಯುಗಳನ್ನು ಕಣ್ಣಾರೆ ನೋಡುತ್ತಾ, ಕರುಳಿನ ತುದಿಯನ್ನು ಅವುಗಳ ನಡುವೆ ಕೂರಿಸಿ ಹೊಲಿಯುತ್ತಾರೆ. ಕೊನೆಗೆ ಹೊಟ್ಟೆಯ ಮೇಲಿನ ದಾರಿ ಮುಚ್ಚುವುದು. ಭೂಮಿಗೆ ಒಂದೂವರೆ ವರ್ಷ ತುಂಬುವ ಹೊತ್ತಿಗೆ ಇಷ್ಟೂ ಮುಗಿದಿತ್ತು.

ಮುಖ್ಯ ಆಪರೇಷನ್ ಆದ ಮೇಲೆ ಹೊಸ ದ್ವಾರ ಕಿರಿದಾಗಬಾರದು ಅಂತ ದಿನಕ್ಕೆರಡು ಸಲ ಸ್ಟೀಲಿನ ಕಡ್ಡಿ ಹಾಕಿ ಹಿಗ್ಗಿಸಬೇಕು. ವಾರ ವಾರ ಸ್ವಲ್ಪ ದಪ್ಪನೆಯ ಕಡ್ಡಿ. ಇದನ್ನು ಮಾಡುವವರು ಮನೆಯವರೇ. ಭೂಮಿಯ ತಾಯಿ ತಿಂಗಳುಗಟ್ಟಲೆ ಮಾಡಿದರು. ಮಗು ಕಿರುಚುತ್ತದೆ, ಅಜ್ಜಿ ಹೊರಗೆ ಹೋಗಿಬಿಡುತ್ತಾರೆ, ಗಂಡ ಕಾಲು ಹಿಡಿದುಕೊಂಡು ಮುಖ ಆಚೆ ತಿರುಗಿಸುತ್ತಾನೆ. ಆ ಕಡ್ಡಿಗಳು ಈಗಲೂ ಅವರ ಟ್ರಂಕಿನಲ್ಲಿ, ಹಳೆಯ ರೇಷ್ಮೆ ಸೀರೆಯ ಕೆಳಗೆ ಇವೆ. ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದ್ದೆ. "ಬಿಸಾಡಕ್ಕೆ ಮನಸ್ಸು ಬರಲ್ಲ ಸಿಸ್ಟರ್" ಅಂದರು. ಮಗಳ ಆ ಜಾಗ ತನ್ನ ಜವಾಬ್ದಾರಿ ಅಂತ ಆವಾಗಲೇ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮುಂದೆ ನಾವು ಎಡವಿದ್ದೂ ಇದೇ ವಿಷಯದಲ್ಲಿ.

ಐದನೇ ವರ್ಷಕ್ಕೆ ಫಾಲೋಅಪ್ ನಿಂತಿತು. ಫೈಲಿನ ಕೊನೆಯ ಸಾಲು: "ಚೆನ್ನಾಗಿದ್ದಾಳೆ. ತೊಂದರೆಯಿದ್ದರೆ ಬರಲಿ." ಆ ಕೈಬರಹ ನಮ್ಮ ವಿಭಾಗದ್ದೇ.

ಹನ್ನೊಂದರಿಂದ ಹದಿನಾಲ್ಕರವರೆಗೆ

ಈ ಬಗೆಯ ಆಪರೇಷನ್ ಆದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಮಲದ ಮೇಲೆ ಹಿಡಿತ ಬರುತ್ತದೆ. ಆದರೆ ಮಲಬದ್ಧತೆ ಬೆನ್ನು ಬಿಡುವುದಿಲ್ಲ. ಕರುಳಿನ ಕೊನೆಯ ಭಾಗ ನಿಧಾನ, ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಉಳಿದು ಉಳಿದು ಗಟ್ಟಿಯಾಗುತ್ತದೆ. ಕರುಳು ಹಿಗ್ಗುತ್ತದೆ. ಹಿಗ್ಗಿದ ಕರುಳಿಗೆ ತುಂಬಿದ್ದು ಗೊತ್ತಾಗುವುದಿಲ್ಲ. ಕೊನೆಗೆ ಗಟ್ಟಿ ಉಂಡೆಯ ಪಕ್ಕದಿಂದ ನೀರುನೀರಾದ ಮಲ ಜಿನುಗುತ್ತದೆ, ಹೊತ್ತಿಲ್ಲ ಗೊತ್ತಿಲ್ಲ.

ಭೂಮಿಗೆ ಹನ್ನೊಂದರ ಹೊತ್ತಿಗೆ ಹೀಗೆ ಜಿನುಗಲು ಶುರುವಾಯಿತು. ಬಟ್ಟೆಯಲ್ಲಿ ಕಂಡದ್ದು ನೀರುಮಲ. ನೀರುಮಲ ಅಂದರೆ ಭೇದಿ ತಾನೇ? ತಾಯಿ ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಟ್ಟರು. ಸೊಪ್ಪು ನಿಲ್ಲಿಸಿದರು, ಪಪ್ಪಾಯಿ ನಿಲ್ಲಿಸಿದರು. ಮೊಸರನ್ನ, ಬ್ರೆಡ್ ಮಾತ್ರ. ಊರಿನಲ್ಲಿ ಒಬ್ಬರು ಮೋಷನ್ ನಿಲ್ಲುವ ಮಾತ್ರೆ ಕೊಟ್ಟರು. ಮೇಲೆ ಈ ಕಬ್ಬಿಣಾಂಶದ ಮಾತ್ರೆ ಬೇರೆ. ಮಲ ಗಟ್ಟಿಯಾಗಲು ಏನೇನು ಬೇಕೋ ಎಲ್ಲವನ್ನೂ ಮೂರು ವರ್ಷ ಪ್ರೀತಿಯಿಂದ ಕೊಟ್ಟಿದ್ದರು. ಯಾರನ್ನೂ ಬೈಯುವ ಹಾಗಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಔಷಧಿ ಮಾಡಿದ್ದಾರೆ, ಅಷ್ಟೇ.

ಭೂಮಿಯೂ ತನ್ನದೇ ಉಪಾಯ ಕಂಡುಕೊಂಡಿದ್ದಳು. ಬೆಳಗ್ಗೆ ತಿಂಡಿ ಬೇಡ, ಶಾಲೆಯಲ್ಲಿ ನೀರು ಬೇಡ. ಬಿಸಿಯೂಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಹಾಕಿಸಿಕೊಂಡು, ಗೆಳತಿಯ ತಟ್ಟೆಗೆ ಸುರಿದುಬಿಡುತ್ತಿದ್ದಳು. ರಕ್ತ ಕಡಿಮೆಯಾಗಲು, ಪ್ರಾರ್ಥನೆಯಲ್ಲಿ ಬೀಳಲು ಇಷ್ಟು ಸಾಕಲ್ಲ. ದಿನಕ್ಕೆ ಒಂದೆರಡು ಪ್ಯಾಡ್. ಬ್ಯಾಗಿನಲ್ಲಿ ಪೌಡರ್ ಡಬ್ಬಿ. ಪ್ರತಿ ಪೀರಿಯಡ್ ಮುಗಿದ ಮೇಲೆ ಹೋಗಿ ಪೌಡರ್ ಹಾಕಿಕೊಳ್ಳುತ್ತಿದ್ದಳು, ಅದಕ್ಕೆ ಕ್ಲಾಸಿನ ಹುಡುಗರು "ಪೌಡರ್ ಡಬ್ಬಿ" ಅಂತಲೇ ಹೆಸರಿಟ್ಟಿದ್ದರು. ಕೊನೆಯ ಬೆಂಚು, ಕಿಟಕಿ ಪಕ್ಕ, ಒಬ್ಬಳೇ. ಏಳನೇ ಕ್ಲಾಸಿನವರೆಗೆ ಥ್ರೋಬಾಲ್ ಟೀಮಿನಲ್ಲಿದ್ದವಳು ಎಂಟಕ್ಕೆ ಬಂದ ಮೇಲೆ ಗ್ರೌಂಡಿಗೆ ಇಳಿಯಲಿಲ್ಲ. ವರ್ಷಕ್ಕೊಮ್ಮೆ ಶಾಲೆಗೆ ಆರೋಗ್ಯ ತಪಾಸಣೆಗೆ ಬರುತ್ತಾರೆ. ಇಡೀ ಕ್ಲಾಸಿನ ಮುಂದೆ "ಏನಾದ್ರೂ ತೊಂದರೆ ಇದೆಯಾ?" ಅಂದರೆ ಯಾವ ಹುಡುಗಿ ಇದೆ ಅನ್ನುತ್ತಾಳೆ?

ಓಪಿಡಿಯಲ್ಲಿ ಮೊದಲ ದಿನ

ಮೊದಲ ಭೇಟಿಯಲ್ಲಿ ಭೂಮಿ ಒಂದು ಮಾತೂ ಆಡಲಿಲ್ಲ. ಡಾಕ್ಟರು ಅವಳನ್ನು ಕೇಳಿದರೆ ಉತ್ತರ ತಾಯಿಯದು. "ಎರಡಕ್ಕೆ ಹೋಗಬೇಕು ಅಂತ ನಿಂಗೆ ಗೊತ್ತಾಗುತ್ತಾ?" ಅಂದರೆ "ಇಲ್ಲ ಡಾಕ್ಟ್ರೇ, ಅವಳಿಗೆ ಗೊತ್ತೇ ಆಗಲ್ಲ" ಅಂತ ತಾಯಿ. "ಹೊಟ್ಟೆ ನೋವು ಇದೆಯಾ?" "ರಾತ್ರಿ ಇರುತ್ತೆ." ಹುಡುಗಿ ನೆಲ ನೋಡುತ್ತಾ ಕೂತಿದ್ದಳು.

ಹಳೆಯ ಫೈಲಿನ ಜೆರಾಕ್ಸ್ ಬೇಕು ಅಂತ ತಾಯಿಯನ್ನು ಕೆಳಗೆ ಕಳಿಸಿದೆ. ನಿಜ ಹೇಳಬೇಕೆಂದರೆ ಜೆರಾಕ್ಸ್ ಆಗಲೇ ಬೇಕಾಗಿರಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಒಂದೆರಡು ನಿಮಿಷ ನಾನೂ ಸುಮ್ನಿದ್ದೆ. ಆಮೇಲೆ ಅವಳೇ ಕೇಳಿದಳು.

"ಸಿಸ್ಟರ್, ಗಡ್ಡೆ ಮತ್ತೆ ಬಂದಿದ್ಯಾ?"

"ಯಾವ ಗಡ್ಡೆ ಪುಟ್ಟಾ?"

"ಚಿಕ್ಕೋಳಿದ್ದಾಗ ಹೊಟ್ಟೇಲಿತ್ತಲ್ಲ. ಆಪರೇಷನ್ ಮಾಡಿ ತೆಗೆದ್ರಲ್ಲ."

ಹೊಟ್ಟೆಯ ಮೇಲಿನ ಗುರುತು ಏನು ಅಂತ ಆರು ವರ್ಷದವಳಿದ್ದಾಗ ಕೇಳಿದ್ದಳಂತೆ. ಗಡ್ಡೆ ಇತ್ತು, ತೆಗೆಸಿದೆವು ಅಂತ ಮನೆಯವರು ಹೇಳಿದ್ದರು. ಹುಡುಗಿ, ನಾಳೆ ಮದುವೆ ಮಾಡಬೇಕು, ಆ ಜಾಗದ ವಿಷಯ ಅವಳ ಬಾಯಿಂದಲೇ ಎಲ್ಲಾದರೂ ಹೊರಗೆ ಬಂದರೆ ಅನ್ನುವ ಹೆದರಿಕೆ. ಆರು ವರ್ಷದ ಮಗುವಿಗೆ ಆ ಸುಳ್ಳು ಸಾಕಾಗಿತ್ತು. ಹನ್ನೊಂದಕ್ಕೆ ಜಿನುಗಲು ಶುರುವಾದಾಗ ಅವಳು ಆ ಸುಳ್ಳಿನಿಂದಲೇ ಮುಂದಿನದನ್ನು ಊಹಿಸಿದಳು. ಗಡ್ಡೆ ಅಂದರೆ ಕ್ಯಾನ್ಸರ್. ಕ್ಯಾನ್ಸರ್ ವಾಪಸ್ ಬಂದಿದೆ, ಅಮ್ಮನಿಗೆ ಗೊತ್ತು, ನನಗೆ ಹೇಳುತ್ತಿಲ್ಲ. ಮೂರು ವರ್ಷ ಅವಳು ತಾನು ಸಾಯುತ್ತೇನೆ ಅಂದುಕೊಂಡೇ ಶಾಲೆಗೆ ಹೋಗಿ ಬಂದಿದ್ದಾಳೆ.

ಸಾಯಬೇಕು ಅಂತಲೂ ಅನಿಸಿದೆಯಾ ಅಂತ ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಲು ಹಿಂಜರಿಯಬಾರದು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. "ಒಂದೊಂದ್ಸಲ" ಅಂದಳು. ಮಾಡಿಕೊಳ್ಳುವ ಯೋಚನೆಯೇನೂ ಇರಲಿಲ್ಲ. ಅದೇ ದಿನ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವಳ ಚೀಟಿಯ ಹಿಂದೆ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಎಕ್ಸರೇ ಬಂದಾಗ ಡಾಕ್ಟರು ಅದನ್ನು ತಾಯಿಗೆ ತೋರಿಸಲು ಹೊರಟಿದ್ದರು. "ಸರ್, ಅವಳಿಗೆ ತೋರಿಸಿ" ಅಂದೆ. ದೀಪದ ಪೆಟ್ಟಿಗೆಯ ಮೇಲೆ ಫಿಲಂ ಇಟ್ಟರು. ಹೊಟ್ಟೆಯ ತುಂಬಾ ಮಂಡಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. "ಇದೆಲ್ಲ ಮಲ. ಗಡ್ಡೆ ಗಿಡ್ಡೆ ಏನೂ ಇಲ್ಲ." ಭೂಮಿ ಬಗ್ಗಿ ನೋಡಿದಳು. "ಇಷ್ಟೊಂದಾ?" ಅಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ ಮೊದಲು.

ಆಮೇಲೆ ಒಂದು ಹಾಳೆಯಲ್ಲಿ ಚಿತ್ರ ಬರೆದು, ಹುಟ್ಟಿದಾಗ ಹೇಗಿತ್ತು, ಏನೇನು ಮಾಡಿದರು, ಈಗ ಏನಾಗಿದೆ ಅಂತ ಡಾಕ್ಟರು ಅವಳಿಗೇ ಹೇಳಿದರು. ಅವರದು ಅಡಿಕೆ ತೋಟದ ಊರು. "ಕಾಲುವೆಗೆ ಕಲ್ಲು ಬಿದ್ದರೆ ನೀರು ಏನು ಮಾಡುತ್ತೆ?" "ಪಕ್ಕದಿಂದ ಹರಿಯುತ್ತೆ." "ನಿಂದೂ ಅಷ್ಟೇ." ತಾಯಿ ಅಳುತ್ತಿದ್ದರು. ಗುಟ್ಟು ಒಡೆದದ್ದಕ್ಕೋ, ಹೊರೆ ಇಳಿದದ್ದಕ್ಕೋ, ನನಗೆ ಈಗಲೂ ಹೇಳಲಾಗದು.

ಯಾವ ದಾರಿ?

ಒಳಗಿನ ಗಟ್ಟಿ ಮಲ ತೆಗೆಯಲೇಬೇಕಿತ್ತು. ಮೂರು ದಿನ ವಾರ್ಡಿನಲ್ಲಿ ಇಟ್ಟುಕೊಂಡು ಎನಿಮಾ (ಗುದದ್ವಾರದಿಂದ ನೀರು ಬಿಟ್ಟು ಕರುಳು ತೊಳೆಯುವುದು) ಕೊಟ್ಟು, ಎಕ್ಸರೇ ತೆಗೆದು, ಪೂರ್ತಿ ಖಾಲಿಯಾದದ್ದನ್ನು ಖಚಿತ ಮಾಡಿಕೊಂಡೆವು. ಕಿಡ್ನಿ ಸ್ಕ್ಯಾನ್, ಬೆನ್ನುಹುರಿಯ ಎಂಆರ್‌ಐ ಕೂಡ ಆಯಿತು. ಈ ಮಕ್ಕಳಲ್ಲಿ ಕಿಡ್ನಿ, ಬೆನ್ನುಮೂಳೆ, ಹೃದಯದ ತೊಂದರೆ ಜೊತೆಗೇ ಇರುವುದುಂಟು. ಬೆನ್ನುಹುರಿ ಕೆಳಗೆ ಅಂಟಿಕೊಂಡಿದ್ದರೆ ಬೆಳೆಯುವ ವಯಸ್ಸಿನಲ್ಲಿ ಅದು ಎಳೆದು ಹಿಡಿತ ತಪ್ಪಬಹುದು. ಭೂಮಿಗೆ ಅದ್ಯಾವುದೂ ಇರಲಿಲ್ಲ. ಗರ್ಭಕೋಶ ಸರಿಯಾಗಿತ್ತು. ಬೆನ್ನುಮೂಳೆಯ ಬುಡದ ಮೂಳೆ ಪೂರ್ತಿ ಬೆಳೆದಿತ್ತು. ಆ ಮೂಳೆ ಚೆನ್ನಾಗಿದ್ದರೆ ಹಿಡಿತ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ.

ಹಾಗಾದರೆ ಮುಂದೆ ಎನಿಮಾವೋ ಮಾತ್ರೆಯೋ? ದಿನಕ್ಕೊಂದು ಎನಿಮಾ ಕೊಟ್ಟರೆ ಕರುಳು ಖಾಲಿ, ಮರುದಿನದವರೆಗೆ ಜಿನುಗುವುದಿಲ್ಲ. ಹಿಡಿತವೇ ಬರದ ಮಕ್ಕಳಿಗೆ ಅದು ಜೀವನಪೂರ್ತಿ ದಾರಿ. ಅವರಲ್ಲಿ ಕೆಲವರಿಗೆ ಅಪೆಂಡಿಕ್ಸನ್ನು ಹೊಕ್ಕುಳಿಗೆ ಜೋಡಿಸಿ ಮೇಲಿನಿಂದಲೇ ನೀರು ಬಿಡುವ ಆಪರೇಷನ್ ಕೂಡ ಮಾಡುತ್ತಾರೆ. ಇಂಗ್ಲೆಂಡಿನ ಮಲೋನ್ 1990ರಲ್ಲಿ ಅದನ್ನು ವರದಿ ಮಾಡಿದ್ದರು. ಭೂಮಿಯಂಥವರಿಗೆ ಕರುಳನ್ನು ಚುರುಕು ಮಾಡುವ ಮಾತ್ರೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಸಾಕಾಗಬಹುದು. ಆದರೆ ಆ ಅಳತೆ ಸಿಗುವವರೆಗೆ ಕೆಲವು ದಿನ ಹೊಟ್ಟೆ ಹಿಂಡುತ್ತೆ, ಬಟ್ಟೆ ಹಾಳಾಗುತ್ತೆ. ಶಾಲೆ ನಡೆಯುತ್ತಿತ್ತು, ಅರ್ಧವಾರ್ಷಿಕ ಪರೀಕ್ಷೆ ಎದುರಿಗಿತ್ತು. ಬೇಸಿಗೆ ರಜೆಯವರೆಗೆ ಎನಿಮಾ, ರಜೆಯಲ್ಲಿ ಮಾತ್ರೆಯ ಪ್ರಯತ್ನ ಅಂತ ಡಾಕ್ಟರು ತೀರ್ಮಾನಿಸಿದರು. ಮೊದಲು ಅವಳು ಒಂದು ತಿಂಗಳಾದರೂ ಒಣ ಬಟ್ಟೆಯಲ್ಲಿ ಶಾಲೆಗೆ ಹೋಗಿ ಬರಲಿ, ಆಮೇಲೆ ಮಿಕ್ಕಿದ್ದು. ಇಡೀ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಇದೇ ಅಂತ ನನ್ನ ಅನಿಸಿಕೆ.

ಒಂಬತ್ತನೇ ದಿನ

ತಪ್ಪು ನನ್ನಿಂದ ಆಯಿತು. ಎನಿಮಾ ಕೊಡುವುದನ್ನು ನಾನು ತಾಯಿಗೆ ಕಲಿಸಿ ಮನೆಗೆ ಕಳಿಸಿದೆ. ಚಿಕ್ಕ ಮಕ್ಕಳಲ್ಲಿ ಹಾಗೇ ಮಾಡುತ್ತೇವೆ. ಕೈ ಅದೇ ಅಭ್ಯಾಸಕ್ಕೆ ಬಿದ್ದಿತ್ತು. ಒಂಬತ್ತನೇ ದಿನ ಸಂಜೆ ಫೋನ್ ಬಂತು. ಭೂಮಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಎರಡು ಗಂಟೆಯಾಗಿದೆ, ಬಾಗಿಲು ತೆಗೆಯುತ್ತಿಲ್ಲ. ಫೋನನ್ನು ಬಾಗಿಲ ಹತ್ತಿರ ಹಿಡಿಯಿರಿ ಅಂದೆ. ಒಳಗಿನಿಂದ ಅವಳ ದನಿ: "ನಾನೇನು ಮಗುನಾ? ದಿನಾ ಬಟ್ಟೆ ಬಿಚ್ಚಿ ಮಲಗಬೇಕಾ?"

ಹದಿನಾಲ್ಕು ವರ್ಷದ ಹುಡುಗಿ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ?

ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ಉಪ್ಪು ಉರಿಯುತ್ತೇನೋ ಅಂತ ತಾಯಿ ಒಂದು ಲೀಟರಿಗೆ ಚಿಟಿಕೆಯಷ್ಟೇ ಹಾಕುತ್ತಿದ್ದರು. ಇದು ಅಪಾಯ. ಬರೀ ನೀರನ್ನು ಕರುಳು ಹೀರಿಕೊಂಡರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ತಿರುಗಬಹುದು, ಫಿಟ್ಸ್ ಕೂಡ ಬರಬಹುದು. ಒಂದು ಲೀಟರಿಗೆ 9 ಗ್ರಾಂ, ಮಟ್ಟಸ ಮಾಡಿದ ಒಂದೂವರೆ ಟೀ ಚಮಚ, ಅಂತ ಹೇಳಿದ್ದೆ. ಯಾಕೆ ಅಂತ ಹೇಳಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಕರೆಸಿದೆ. ಈ ಸಲ ಭೂಮಿಗೆ ಮಾತ್ರ. ಒಂದು ಕೈಗನ್ನಡಿ ಕೊಟ್ಟು ತನ್ನ ಮೈಯನ್ನು ತಾನೇ ನೋಡಿಕೊಳ್ಳಲು ಹೇಳಿದೆ. ಅಲ್ಲಿಯವರೆಗೆ ಅವಳು ನೋಡಿಕೊಂಡೇ ಇರಲಿಲ್ಲ. ಯಾವುದು ಮೂತ್ರದ ದಾರಿ, ಯಾವುದು ಮುಟ್ಟಿನದು, ಯಾವುದು ಡಾಕ್ಟರು ಮಾಡಿದ್ದು ಅಂತ ಗುರುತಿಸಿಕೊಂಡಳು. ಎಡಮಗ್ಗುಲಿಗೆ ಮಲಗಿ ಕ್ಯಾತಿಟರ್ (ನೀರು ಬಿಡುವ ಸಣ್ಣ ನಳಿಕೆ) ಹಾಕಿಕೊಳ್ಳುವುದು, ಅದರ ತುದಿಯ ಬಲೂನು ಉಬ್ಬಿಸಿ ನೀರು ವಾಪಸ್ ಬರದ ಹಾಗೆ ಹಿಡಿಯುವುದು, ಚೀಲವನ್ನು ಮೊಳೆಗೆ ಎಷ್ಟು ಎತ್ತರದಲ್ಲಿ ನೇತುಹಾಕುವುದು. ಮೊದಲ ದಿನ ಅರ್ಧ ನೀರು ಚಾಪೆಯ ಮೇಲೆ. ಮೂರನೇ ದಿನ ನಾನು ಪರದೆಯ ಹೊರಗೆ ನಿಂತಿದ್ದೆ, ಒಳಗೆ ಅವಳೇ. ಅವಳಿಗೆ ಗೊತ್ತುಮಾಡಿದ್ದು 500 ಎಂ.ಎಲ್. ಉಪ್ಪುನೀರು, ಸ್ವಲ್ಪ ಗ್ಲಿಸರಿನ್. ಇದು ಅವಳ ಎಕ್ಸರೇ ನೋಡಿ ಹೊಂದಿಸಿದ ಅಳತೆ, ಬೇರೆ ಮಗುವಿಗೆ ಹೊಂದುವುದಿಲ್ಲ.

ಮನೆಯಲ್ಲಿ ಇನ್ನೊಂದು ತೊಡಕಿತ್ತು. ನೀರು ಬಿಟ್ಟ ಮೇಲೆ ಮುಕ್ಕಾಲು ಗಂಟೆ ಕೂರಬೇಕು. ಅವರದು ಹೊರಗಿನ ಇಂಡಿಯನ್ ಕಕ್ಕಸು. ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಯಾರು ಕೂರುತ್ತಾರೆ? ಆ ಮನೆಯಲ್ಲಿ ಮಾತೇ ಆಡದ ತಂದೆ ಇದನ್ನು ಬಗೆಹರಿಸಿದರು. ಒಂದು ಹಳೆಯ ಪ್ಲಾಸ್ಟಿಕ್ ಕುರ್ಚಿಯ ಸೀಟಿಗೆ ಗರಗಸದಲ್ಲಿ ತೂತು ಕೊರೆದು, ಅಂಚಿಗೆ ಸೈಕಲ್ ಟ್ಯೂಬು ಸುತ್ತಿ, ಕಕ್ಕಸಿನ ಮೇಲೆ ಕೂರಿಸಿದರು. ಒಳಗೊಂದು ಬಲ್ಬು ಹಾಕಿಸಿದರು, ಮಗಳು ಓದಿಕೊಳ್ಳಲಿ ಅಂತ. ಸಮಾಜ ವಿಜ್ಞಾನವನ್ನೆಲ್ಲ ಅಲ್ಲೇ ಓದಿ ಮುಗಿಸಿದೆ ಅಂತ ಭೂಮಿ ಹೇಳುತ್ತಾಳೆ.

ಕೆಲಸ ಕಳೆದುಕೊಂಡವರು ತಾಯಿ. "ಹದಿನಾಲ್ಕು ವರ್ಷ ನಾನೇ ಮಾಡಿದ್ದಲ್ವಾ ಸಿಸ್ಟರ್, ಈಗ ನಾನು ಬೇಡವಾದ್ನಾ?" ಅಂತ ಒಂದು ದಿನ ಕಾರಿಡಾರಿನಲ್ಲಿ ನಿಂತು ಅತ್ತರು. ಅವರ ಜೊತೆ ಬೇರೆಯಾಗಿ ಮೂರು ಸಲ ಕೂತು ಮಾತಾಡಿದೆ. ಗ್ರಹಣದ ಮಾತು ಬಂದದ್ದು ಆಗ. ಡಾಕ್ಟರು ಅಜ್ಜಿಯನ್ನೂ ಕರೆಸಿ ಎದುರಿಗೇ ಹೇಳಿದರು: ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಜ್ಜಿ ಒಪ್ಪಿದರೋ ಬಿಟ್ಟರೋ, ತಾಯಿಗೆ ಆ ಮಾತು ಬಿಳಿ ಕೋಟಿನವರ ಬಾಯಿಂದ, ಅತ್ತೆಯ ಎದುರು ಬರಬೇಕಿತ್ತು.

ಶಾಲೆಗೆ ಏನು ಹೇಳುವುದು

ತಂದೆಗೆ ಶಾಲೆ ಬದಲಿಸುವ ಆಸೆ. ಭೂಮಿ ಬೇಡ ಅಂದಳು. ಹೊಸ ಶಾಲೆಯಲ್ಲಿ ಮತ್ತೆ ಮೊದಲಿನಿಂದ ಮುಚ್ಚಿಡಬೇಕಲ್ಲ ಅಂತ ಅವಳ ಲೆಕ್ಕ. ಯಾರಿಗೆ ಹೇಳಬೇಕು ಅನ್ನೋದನ್ನು ಅವಳಿಗೇ ಬಿಟ್ಟೆವು. ಒಂದು ರಾತ್ರಿ ಯೋಚಿಸಿ ಇಬ್ಬರ ಹೆಸರು ಹೇಳಿದಳು: ಪಿ.ಟಿ. ಮಿಸ್, ಮತ್ತೆ ಬಿಸಿಯೂಟ ಸುರಿಸಿಕೊಳ್ಳುತ್ತಿದ್ದ ಗೆಳತಿ. ಹೆಡ್‌ಮಾಸ್ಟರಿಗೆ ಕೊಟ್ಟ ಪತ್ರದಲ್ಲಿ "ಹೊಟ್ಟೆಯ ಚಿಕಿತ್ಸೆ ನಡೆಯುತ್ತಿದೆ, ಕೇಳಿದಾಗ ಶೌಚಾಲಯಕ್ಕೆ ಬಿಡಬೇಕು" ಅಂತ ಎರಡೇ ಸಾಲು. ಕಾಯಿಲೆಯ ಹೆಸರು ಬರೆಯಲಿಲ್ಲ. ಆ ಪತ್ರ ಸ್ಟಾಫ್ ರೂಮಿನ ಮೇಜಿನ ಮೇಲೆ ಯಾರ ಕಣ್ಣಿಗೆ ಬೇಕಾದರೂ ಬೀಳಬಹುದು. ಮಿಸ್ ಟೀಚರುಗಳ ಟಾಯ್ಲೆಟ್ಟಿನ ಬೀಗದ ಇನ್ನೊಂದು ಕೀ ಮಾಡಿಸಿ ಅವಳ ಕೈಗೆ ಕೊಟ್ಟರು.

ಎರಡನೇ ತಿಂಗಳ ಭೇಟಿಗೆ ಬಂದಾಗ ಅವಳ ಬ್ಯಾಗಿನಲ್ಲಿ ಪೌಡರ್ ಡಬ್ಬಿ ಇರಲಿಲ್ಲ. ಹುಡುಗರು ಇಟ್ಟ ಹೆಸರು ಮಾತ್ರ ಹೋಗಿಲ್ಲ. ಅಡ್ಡಹೆಸರು ಅಷ್ಟು ಬೇಗ ಹೋಗುತ್ತಾ?

ಬೇಸಿಗೆ ರಜೆ, ಸೋನಾಮುಖಿ

ಮೇ ತಿಂಗಳಲ್ಲಿ ಒಂದು ವಾರ ನಮ್ಮಲ್ಲಿಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿದುಕೊಂಡರು. ಎನಿಮಾ ನಿಲ್ಲಿಸಿ ಸೆನ್ನಾ ಮಾತ್ರೆ ಶುರು. ಚೀಟಿ ಓದಿ ಹೇಳಿದಾಗ ಅಜ್ಜಿ "ಅಯ್ಯೋ, ನಮ್ ಸೋನಾಮುಖಿ ಅಲ್ವಾ!" ಅಂದರು. ಹೌದು, ಅದೇ ಗಿಡ. ಹಾಗಂತ ಮನೆಯಲ್ಲಿ ಎಲೆ ಕುದಿಸಿ ಕೊಡಬೇಡಿ, ಕಷಾಯದಲ್ಲಿ ಎಷ್ಟು ಇಳಿಯಿತು ಅಂತ ಅಳೆಯಲು ಬರುವುದಿಲ್ಲ ಅಂತ ಅಜ್ಜಿಗೆ ಎರಡೆರಡು ಸಲ ಹೇಳಬೇಕಾಯಿತು.

ದಿನಾ ಎಕ್ಸರೇ ನೋಡಿ ಅಳತೆ ಹೊಂದಿಸುವುದು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಹೆಚ್ಚಿಸಿದೆವು. ರಾತ್ರಿಯಿಡೀ ಹೊಟ್ಟೆ ಹಿಂಡಿ, ನೆಂಟರ ಮನೆಯ ಹಾಸಿಗೆ ಹಾಳಾಯಿತು. ಮೂರನೇ ದಿನ "ಎನಿಮಾನೇ ಸಾಕು, ಇದು ಬೇಡ" ಅಂತ ಹಟ ಹಿಡಿದಳು. ಡಾಕ್ಟರು ಬಲವಂತ ಮಾಡಲಿಲ್ಲ. "ಇನ್ನೆರಡು ದಿನ ನೋಡು. ಆಗಲ್ಲ ಅಂದ್ರೆ ನಿಲ್ಲಿಸೋಣ, ನೀನು ಸೋತ ಹಾಗೇನಲ್ಲ" ಅಂದರು. ಐದನೇ ದಿನ ಬೆಳಗ್ಗೆ ಆರೂವರೆಗೆ ಫೋನ್. ತಾಯಿಯ ನಂಬರು, ಮಾತಾಡಿದ್ದು ಭೂಮಿ. "ಸಿಸ್ಟರ್, ಗೊತ್ತಾಯ್ತು. ಬರ್ತಿದೆ ಅಂತ ಗೊತ್ತಾಯ್ತು. ಹೋಗಿ ಕೂತೆ, ಆಯ್ತು!" ಹಿಗ್ಗಿದ ಕರುಳು ಆರೇಳು ತಿಂಗಳು ಖಾಲಿಯಿದ್ದು ಸ್ವಲ್ಪ ಸುಧಾರಿಸಿಕೊಂಡಿತ್ತು. ಹಿಡಿತ ಮೊದಲಿನಿಂದಲೂ ಇತ್ತು, ಮಲ ತುಂಬಿಕೊಂಡು ಅದು ಗೊತ್ತಾಗುತ್ತಿರಲಿಲ್ಲ. ಮಾತ್ರೆ ಕೆಲಸ ಮಾಡಲು ಆರರಿಂದ ಹನ್ನೆರಡು ಗಂಟೆ ಬೇಕು. ರಾತ್ರಿ ಎಂಟಕ್ಕೆ ತಗೊಂಡರೆ ಶಾಲೆಗೆ ಹೊರಡುವ ಮೊದಲೇ ಮುಗಿದಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅವಳು ಹೀಗೇ ಬರೆದಳು. ಬಾಗಿಲ ಪಕ್ಕದ ಸೀಟು ಬೇಕಾ ಅಂತ ಮಿಸ್ ಕೇಳಿದ್ದಕ್ಕೆ ಬೇಡ ಅಂದಳಂತೆ.

ನಡುವೆ ಒಂದು ಸಲ ಜಾರಿತು. ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಹೋದವಳು "ಈಗ ಸರಿಯಾಗಿದ್ದೀನಲ್ಲ" ಅಂತ ಮೂರು ವಾರ ಮಾತ್ರೆ ಬಿಟ್ಟಳು. ಮತ್ತೆ ಎಕ್ಸರೇಯಲ್ಲಿ ಮಂಡಕ್ಕಿ. ಬೈಯಲಿಲ್ಲ. ಫಿಲಂ ಅವಳ ಕೈಗೇ ಕೊಟ್ಟೆ. ನೋಡಿ, "ಮೂರು ದಿನ ಎನಿಮಾ ಅಲ್ವಾ?" ಅಂತ ಅವಳೇ ಕೇಳಿದಳು.

ಈಗ ನಾವು ಮಾಡುವುದು

ಈ ಹುಡುಗಿ ಬಂದು ಹೋದ ಮೇಲೆ ನಮ್ಮ ಓಪಿಡಿಯಲ್ಲಿ ಕೆಲವು ಅಭ್ಯಾಸ ಬದಲಾಗಿವೆ. "ತೊಂದರೆಯಿದ್ದರೆ ಬರಲಿ" ಅಂತ ಬರೆಯುವುದನ್ನು ಬಿಟ್ಟಿದ್ದೇವೆ. ಬರುವ ದಿನಾಂಕ ಹಾಕಿಯೇ ಕಳಿಸುತ್ತೇವೆ, ಮುಖ್ಯವಾಗಿ ಹತ್ತರಿಂದ ಹದಿನಾಲ್ಕರ ವಯಸ್ಸಿಗೆ. ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವ ಹೊತ್ತಿಗೆ ಒಂದು ಸ್ಕ್ಯಾನ್ ಮಾಡಿಸುತ್ತೇವೆ. ಇವರಲ್ಲಿ ಕೆಲವರಿಗೆ ಗರ್ಭಕೋಶ, ಯೋನಿಯ ಒಳಗೂ ವ್ಯತ್ಯಾಸ ಇರಬಹುದು, ಮುಟ್ಟಿನ ರಕ್ತ ಹೊರಬರದೆ ನಿಲ್ಲಬಹುದು. ಎಂಟು ಒಂಬತ್ತರ ಮಗುವನ್ನು ಕೂರಿಸಿಕೊಂಡು, ಹೊಟ್ಟೆಯ ಗುರುತು ತೋರಿಸಿ, ಇದು ಹೇಗಾಯಿತು ಅಂತ ನಿಂಗೆ ಗೊತ್ತಾ ಅಂತ ಕೇಳುತ್ತೇವೆ. ಅವರು ಹೇಳುವ ಕಥೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಒಬ್ಬ ಹುಡುಗ ನಾಯಿ ಕಚ್ಚಿದ್ದು ಅಂದ. ಇನ್ನೊಬ್ಬಳಿಗೆ ಅವಳಮ್ಮ, ದೇವರು ಕೈಯಿಟ್ಟ ಗುರುತು ಅಂದಿದ್ದರು.

ಇಂಥ ಆಪರೇಷನ್ ಆದ ಮಗು ನೀರುಮಲ ಜಿನುಗುತ್ತದೆ ಅಂತ ಬಂದರೆ ನಿಲ್ಲಿಸುವ ಮಾತ್ರೆಗೆ ಮೊದಲು ಒಂದು ಎಕ್ಸರೇ. ಇದನ್ನು ಸುತ್ತಮುತ್ತಲಿನ ಡಾಕ್ಟರುಗಳಿಗೂ ಹೇಳುತ್ತಿದ್ದೇವೆ. ಹನ್ನೆರಡು ದಾಟಿದ ಮಕ್ಕಳ ಜೊತೆ ಹತ್ತು ನಿಮಿಷವಾದರೂ ಒಬ್ಬರೇ ಮಾತಾಡುತ್ತೇವೆ, ಜೆರಾಕ್ಸಿನ ನೆಪ ಹೇಳುವುದಿಲ್ಲ. ಅಪ್ಪ ಅಮ್ಮಂದಿರಿಗೆ ಮೊದಲೇ ತಿಳಿಸಿರುತ್ತೇವೆ. ಕೆಲವರು ಮುನಿಸಿಕೊಳ್ಳುತ್ತಾರೆ.

ಹತ್ತು ನಿಮಿಷದಲ್ಲಿ ಬರುವ ಪ್ರಶ್ನೆಗಳು ನಾವು ಅಂದುಕೊಂಡವಲ್ಲ. ಭೂಮಿ ಒಂದು ಸಲ ಕೇಳಿದ್ದು ಮದುವೆ ಬಗ್ಗೆ. "ಮಕ್ಕಳಾಗುತ್ತಾ? ಅವರಿಗೆ ಹೇಳ್ಲೇಬೇಕಾ?" ಗರ್ಭಕೋಶ ಚೆನ್ನಾಗಿದೆ, ಮಕ್ಕಳಾಗಲು ಇದರಿಂದ ಅಡ್ಡಿಯಿಲ್ಲ, ಹೆರಿಗೆಯ ಹೊತ್ತಿಗೆ ಸಿಸೇರಿಯನ್ ಬೇಕಾ ಅಂತ ಡಾಕ್ಟರು ನೋಡುತ್ತಾರೆ ಅಂದೆ. ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಅದನ್ನೂ ಅವಳಿಗೆ ಹೇಳಿದೆ.

ಭೂಮಿಗೆ ಈಗ 16. ತಾಲ್ಲೂಕು ಕೇಂದ್ರದಲ್ಲಿ ಮೊದಲ ಪಿಯುಸಿ. ಹಿಮೋಗ್ಲೋಬಿನ್ 11.8. ತಿಂಗಳಿಗೆ ಒಂದೆರಡು ಸಲ ಬಟ್ಟೆಯಲ್ಲಿ ಆಗುತ್ತದೆ, ಬ್ಯಾಗಿನಲ್ಲಿ ಒಂದು ಜೊತೆ ಇಟ್ಟುಕೊಂಡಿರುತ್ತಾಳೆ. ಥ್ರೋಬಾಲ್ ಮತ್ತೆ ಶುರುವಾಗಿದೆ. ಈಗಿನ ಜಗಳ ಹಾಸ್ಟೆಲಿನದು. ದಿನಾ ಎರಡು ಗಂಟೆ ಬಸ್ಸಿನಲ್ಲಿ ಓಡಾಡೋದು ಸಾಕಾಗಿದೆ, ಹಾಸ್ಟೆಲ್ ಸೇರುತ್ತೇನೆ ಅಂತ ಇವಳು. ಆರು ಜನಕ್ಕೆ ಒಂದು ಟಾಯ್ಲೆಟ್, ರಾತ್ರಿ ಮಾತ್ರೆ ಯಾರು ನೆನಪಿಸುತ್ತಾರೆ ಅಂತ ಅಮ್ಮ. ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ನೀವೇ ಹೇಳಿ ಸಿಸ್ಟರ್ ಅನ್ನುತ್ತಿದ್ದಾರೆ. ದಸರಾ ರಜೆಗೆ ಬರುತ್ತಾರೆ. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕೋ, ಬೇರೆ ಬೇರೆಯಾಗಿ ಕರೆಯಬೇಕೋ ಅಂತ ನಾನಿನ್ನೂ ಯೋಚಿಸುತ್ತಿದ್ದೇನೆ.